ಹಡಗು ಹತ್ತುವ ಮುನ್ನ ಆರೋಗ್ಯ ಪರೀಕ್ಷೆ: ಗಂಟೆಯ ಲೆಕ್ಕ, ದಿನದ ಲೆಕ್ಕ, ತಿಂಗಳ ಲೆಕ್ಕ

ಒಡೆಯರಪಾಳ್ಯ: ಚಾಮರಾಜನಗರ ಜಿಲ್ಲೆ ಹನೂರು ತಾಲ್ಲೂಕಿನ ಒಡೆಯರಪಾಳ್ಯಕ್ಕೂ ಸಮುದ್ರಕ್ಕೂ ಬಹು ದೂರ. ಬೆಟ್ಟ, ಕಾಡು, ಮುಸುಕಿನ ಜೋಳದ ಹೊಲಗಳ ನಡುವಿನ ಈ ಊರು ತಮಿಳುನಾಡಿನ ಗಡಿಯ ಅಂಚಿನಲ್ಲಿದೆ. ಆದರೂ ಇಲ್ಲಿಂದ ಸಮುದ್ರದಾಚೆಗೆ ಹೋಗುವವರ ಸಂಖ್ಯೆ ಕಡಿಮೆಯೇನಲ್ಲ. 1970ರ ದಶಕದ ಮೊದಲ ಭಾಗದಲ್ಲಿ ಇಲ್ಲಿ ನೆಲೆ ಕಂಡ ಟಿಬೆಟನ್ನರ ಧೊಂಡೆನ್‌ಲಿಂಗ್ ವಸತಿಯಿಂದ, ಸುತ್ತಲಿನವರ ಮಾತಿನಲ್ಲಿ 'ಟಿಬೆಟನ್ ಕ್ಯಾಂಪ್'ನಿಂದ, ಯುವಜನರು ಓದಿಗೆ, ಉದ್ಯೋಗಕ್ಕೆ, ಕುಟುಂಬವನ್ನು ಸೇರಿಕೊಳ್ಳಲು ವಿದೇಶಗಳಿಗೆ ತೆರಳುತ್ತಿದ್ದಾರೆ. ಹೀಗೆ ಹೊರಟವರೆಲ್ಲ ಎದುರಿಸುವ ಪ್ರಶ್ನೆಯೊಂದಿದೆ: ಆರೋಗ್ಯ ಪರೀಕ್ಷೆಯನ್ನು ಯಾವಾಗ ಮಾಡಿಸಬೇಕು?

ಬೇಗ ಮಾಡಿಸಿದರೆ ಪ್ರಮಾಣಪತ್ರದ ಅವಧಿ ತೀರಿಹೋಗುತ್ತದೆ. ತಡಮಾಡಿದರೆ ಫಲಿತಾಂಶ ಕೈ ಸೇರುವ ಮೊದಲೇ ಹಡಗು ಅಥವಾ ವಿಮಾನ ಹೊರಟುಬಿಡುತ್ತದೆ. ಬೆಂಗಳೂರಿನ ನಿವಾಸಿಗೆ ಇದು ಒಂದು ಫೋನ್ ಕರೆಯ ಕೆಲಸವಾದೀತು. ಪ್ರಯೋಗಾಲಯಕ್ಕೆ ಅರ್ಧ ದಿನದ ಹಾದಿ ಸವೆಸಬೇಕಾದ ಒಡೆಯರಪಾಳ್ಯದಂಥ ಊರಿನವರಿಗೆ ಮಾತ್ರ ಅದೇ ಅರ್ಧ ದಿನ ಪ್ರಯಾಣವನ್ನು ಉಳಿಸಬಹುದು, ಇಲ್ಲವೇ ಕೆಡಿಸಬಹುದು. ಕೋವಿಡ್ ವರ್ಷಗಳ ಅನುಭವ ಈ ಲೆಕ್ಕವನ್ನು ಎಲ್ಲರಿಗೂ ಕಲಿಸಿತು. ಕೋವಿಡ್ ನಿಯಮಗಳು ಇಂದು ಇಲ್ಲವಾದರೂ ಲೆಕ್ಕ ಉಳಿದುಕೊಂಡಿದೆ.

ಹಡಗಿನಿಂದ ಬಂದ ಪಾಠ

ರೋಗಕ್ಕೂ ಹಡಗಿಗೂ ಇರುವ ನಂಟು ಹಳೆಯದು. 'ಕ್ವಾರಂಟೈನ್' ಎಂಬ ಪದವೇ ಇಟಲಿಯ ಬಂದರುಗಳಲ್ಲಿ ಹಡಗುಗಳನ್ನು ನಲವತ್ತು ದಿನ ದೂರ ನಿಲ್ಲಿಸುತ್ತಿದ್ದ ಪದ್ಧತಿಯಿಂದ ಹುಟ್ಟಿದೆ. ಪರೀಕ್ಷೆಯ ಸಾಧನವಿಲ್ಲದ ಕಾಲದಲ್ಲಿ ಕಾಯುವುದೊಂದೇ ಉಪಾಯವಾಗಿತ್ತು. ಪರೀಕ್ಷೆ ಬಂದ ಮೇಲೆ ನಲವತ್ತು ದಿನಗಳ ಕಾಯುವಿಕೆ ಕೆಲವು ಗಂಟೆಗಳಿಗೆ ಇಳಿಯಿತು. ಆದರೆ ಆ ಗಂಟೆಗಳನ್ನು ಎಲ್ಲಿಂದ ಎಣಿಸಬೇಕೆಂಬ ಹೊಸ ಸಮಸ್ಯೆ ಎದುರಾಯಿತು.

2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ತಡೆಹಿಡಿಯಲಾದ 'ಡೈಮಂಡ್ ಪ್ರಿನ್ಸೆಸ್' ವಿಹಾರ ಹಡಗಿನಲ್ಲಿ 3,711 ಮಂದಿ ಇದ್ದರು. ಅವರಲ್ಲಿ 700ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಹಡಗಿನಲ್ಲಿದ್ದ 138 ಭಾರತೀಯರ ಪೈಕಿ 132 ಮಂದಿ ಸಿಬ್ಬಂದಿಯೇ ಆಗಿದ್ದರು. ಅದೇ ವರ್ಷದ ಮಾರ್ಚ್‌ನಲ್ಲಿ 'ಎಂಎಸ್‌ಸಿ ಲಿರಿಕಾ' ಎಂಬ ವಿಹಾರ ಹಡಗಿಗೆ ನವಮಂಗಳೂರು ಬಂದರಿನಲ್ಲಿ ಪ್ರವೇಶ ನಿರಾಕರಿಸಲಾಯಿತು.

ಪರೀಕ್ಷೆ ಕಡ್ಡಾಯವಾದ ಬಳಿಕವೂ ತೊಂದರೆ ತಪ್ಪಲಿಲ್ಲ. 2022ರ ಜನವರಿ ಮೊದಲ ವಾರ ಮುಂಬಯಿಯಿಂದ ಗೋವಾಕ್ಕೆ ಬಂದ 'ಕಾರ್ಡೆಲಿಯಾ' ಹಡಗಿನಲ್ಲಿ ಸಿಬ್ಬಂದಿಯೊಬ್ಬರಿಗೆ ಸೋಂಕು ದೃಢಪಟ್ಟಿತು. ಮುರ್ಮುಗೋವಾ ಬಂದರಿನಲ್ಲಿ ಸುಮಾರು 2,000 ಮಂದಿಯ ಪರೀಕ್ಷೆ ನಡೆಸಿದಾಗ 66 ಮಂದಿಯಲ್ಲಿ ಸೋಂಕು ಪತ್ತೆಯಾಯಿತು. ಹಡಗು ಮುಂಬಯಿಗೆ ಮರಳಬೇಕಾಯಿತು. ಪರೀಕ್ಷೆ ಮಾಡಿಸಿಕೊಂಡು ಹತ್ತಿದವರಿದ್ದ ಹಡಗಿನೊಳಗೂ ರೋಗ ಹೇಗೆ ಪ್ರವೇಶಿಸುತ್ತದೆ ಎಂಬುದನ್ನು ತಿಳಿದರೆ ಸಮಯದ ಲೆಕ್ಕ ತಾನಾಗಿ ಅರ್ಥವಾಗುತ್ತದೆ.

ಪರೀಕ್ಷೆ ಒಂದು ಕ್ಷಣದ ಚಿತ್ರ

ಆರ್‌ಟಿ-ಪಿಸಿಆರ್ ಪರೀಕ್ಷೆಯು ಮೂಗು ಹಾಗೂ ಗಂಟಲ ದ್ರವದಲ್ಲಿ ವೈರಾಣುವಿನ ಅಂಶವಿದೆಯೇ ಎಂಬುದನ್ನು ಮಾತ್ರ ಹೇಳುತ್ತದೆ. ಅದು ಮಾದರಿ ತೆಗೆದ ಕ್ಷಣದ ಚಿತ್ರ. ಸೋಂಕು ದೇಹವನ್ನು ಹೊಕ್ಕ ಮೊದಲ ದಿನಗಳಲ್ಲಿ ವೈರಾಣುವಿನ ಪ್ರಮಾಣ ಅತ್ಯಲ್ಪವಾಗಿರುವುದರಿಂದ ಪರೀಕ್ಷೆ 'ನೆಗೆಟಿವ್' ಎನ್ನುತ್ತದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸೋಂಕು ತಗುಲಿದ ನಾಲ್ಕನೇ ದಿನ ಪರೀಕ್ಷೆ ಮಾಡಿದರೆ ಶೇ 67ರಷ್ಟು ಸೋಂಕಿತರ ಫಲಿತಾಂಶ ತಪ್ಪಾಗಿ ನೆಗೆಟಿವ್ ಬರುವ ಸಂಭವವಿತ್ತು. ಎಂಟನೇ ದಿನಕ್ಕೆ ಅದು ಶೇ 20ಕ್ಕೆ ಇಳಿಯುತ್ತಿತ್ತು.

ಇದರ ಅರ್ಥ ಸರಳ. ಗುರುವಾರ ಮಾದರಿ ಕೊಟ್ಟು ಭಾನುವಾರ ಹಡಗು ಹತ್ತುವವರು ಗುರುವಾರವೇ ಸೋಂಕಿತರಾಗಿದ್ದು ಪತ್ತೆಯಾಗದೆ ಉಳಿದಿರಬಹುದು. ಅಥವಾ ಮಾದರಿ ಕೊಟ್ಟ ನಂತರ ಬಸ್ಸಿನಲ್ಲೋ, ರೈಲಿನಲ್ಲೋ, ಹೋಟೆಲಿನಲ್ಲೋ ಸೋಂಕು ಅಂಟಿಸಿಕೊಂಡಿರಬಹುದು. ಪ್ರಯಾಣಕ್ಕೆ ಎಷ್ಟು ಹತ್ತಿರದಲ್ಲಿ ಪರೀಕ್ಷೆ ನಡೆಯುತ್ತದೆಯೋ ಅಷ್ಟರಮಟ್ಟಿಗೆ ಅದರ ಬೆಲೆ ಹೆಚ್ಚು. ಆದರೆ ಅಷ್ಟೇ ಮಟ್ಟಿಗೆ ಫಲಿತಾಂಶ ಸಕಾಲಕ್ಕೆ ಸಿಗದಿರುವ ಅಪಾಯವೂ ಹೆಚ್ಚು. 72 ಗಂಟೆ, 48 ಗಂಟೆ ಎಂಬ ಮಿತಿಗಳು ಇವೆರಡರ ನಡುವಿನ ಒಪ್ಪಂದಗಳೇ ಹೊರತು ರೋಗವಿಲ್ಲವೆಂಬ ಖಾತರಿಯಲ್ಲ.

ಇದಕ್ಕೆ ವಿರುದ್ಧವಾದ ತೊಡಕೂ ಇತ್ತು. ಗುಣಮುಖರಾದವರ ದೇಹದಲ್ಲಿ ವೈರಾಣುವಿನ ನಿರ್ಜೀವ ಅಂಶಗಳು ವಾರಗಟ್ಟಲೆ ಉಳಿದು, ಕೆಲವೊಮ್ಮೆ ಮೂರು ತಿಂಗಳವರೆಗೂ ಫಲಿತಾಂಶ 'ಪಾಸಿಟಿವ್' ಬರುತ್ತಿತ್ತು. ರೋಗ ಹರಡುವ ಶಕ್ತಿಯಿಲ್ಲದವರೂ ಪ್ರಯಾಣ ಕಳೆದುಕೊಂಡರು. ಇಂಥವರಿಗೆ ಕೆಲವು ದೇಶಗಳು ಹಳೆಯ ಪಾಸಿಟಿವ್ ವರದಿ ಹಾಗೂ ವೈದ್ಯರ ಪತ್ರದ ಮೇಲೆ ಅವಕಾಶ ನೀಡಿದವು.

ಗಡಿಯಾರ ಎಲ್ಲಿಂದ ಆರಂಭ?

ಅನೇಕರು ಎಡವಿದ್ದು ಇಲ್ಲಿಯೇ. ಪ್ರಯೋಗಾಲಯದ ವರದಿಯಲ್ಲಿ ಸಾಮಾನ್ಯವಾಗಿ ಮೂರು ಸಮಯಗಳಿರುತ್ತವೆ: ಮಾದರಿ ಸಂಗ್ರಹಿಸಿದ ಸಮಯ, ಮಾದರಿ ಪ್ರಯೋಗಾಲಯ ತಲುಪಿದ ಸಮಯ, ವರದಿ ಹೊರಬಿದ್ದ ಸಮಯ. ಬಹುತೇಕ ನಿಯಮಗಳಲ್ಲಿ ಲೆಕ್ಕಕ್ಕೆ ಬರುತ್ತಿದ್ದುದು ಮೊದಲನೆಯದು. ವರದಿ ಕೈಗೆ ಬಂದ ದಿನದಿಂದ ಮೂರು ದಿನ ಎಣಿಸಿದವರು ವಿಮಾನ ನಿಲ್ದಾಣದಿಂದ ವಾಪಸಾದರು.

ಉದಾಹರಣೆಗೆ, ಮುಂಬಯಿಯಿಂದ ಭಾನುವಾರ ಸಂಜೆ 4ಕ್ಕೆ ಹಡಗು ಹೊರಡುತ್ತದೆ, ನಿಯಮ 72 ಗಂಟೆ ಎಂದಿಟ್ಟುಕೊಳ್ಳೋಣ. ಹಿಂದಕ್ಕೆ ಎಣಿಸಿದರೆ ಗುರುವಾರ ಸಂಜೆ 4ರ ನಂತರ ಕೊಟ್ಟ ಮಾದರಿ ಮಾತ್ರ ಸಲ್ಲುತ್ತದೆ. ಗುರುವಾರ ಬೆಳಿಗ್ಗೆ 10ಕ್ಕೆ ಊರಿನ ಹತ್ತಿರದ ಆಸ್ಪತ್ರೆಯಲ್ಲಿ ಮಾದರಿ ಕೊಟ್ಟು ಹೊರಟರೆ ಹಡಗು ಬಿಡುವಾಗ 78 ಗಂಟೆಯಾಗಿರುತ್ತದೆ. ಶುಕ್ರವಾರ ಬೆಳಿಗ್ಗೆ ಕೊಟ್ಟರೆ ಅವಧಿ ಸರಿಹೊಂದುತ್ತದೆ, ಆದರೆ ಒಡೆಯರಪಾಳ್ಯದಿಂದ ಹೊರಟವರು ಅಷ್ಟರಲ್ಲಿ ಕೊಳ್ಳೇಗಾಲ ದಾಟಿ ಬೆಂಗಳೂರಿನ ದಾರಿಯಲ್ಲಿರುತ್ತಾರೆ. ಹೀಗಾಗಿ ದೂರದ ಊರಿನವರಿಗೆ ಉಳಿಯುತ್ತಿದ್ದ ಮಾರ್ಗ ಒಂದೇ: ಒಂದು ದಿನ ಮುಂಚಿತವಾಗಿ ದೊಡ್ಡ ನಗರ ತಲುಪಿ, ಅಲ್ಲಿ ಉಳಿದು, ಅಲ್ಲಿಯೇ ಮಾದರಿ ಕೊಡುವುದು. ಆ ಒಂದು ದಿನದ ಊಟ, ವಸತಿ, ಕೂಲಿ ನಷ್ಟ ಯಾವ ನಿಯಮದಲ್ಲೂ ನಮೂದಾಗಿರಲಿಲ್ಲ.

ಗಂಟೆ ಮತ್ತು ದಿನಗಳ ನಡುವೆಯೂ ವ್ಯತ್ಯಾಸವಿದೆ. ಅಮೆರಿಕವು 2021ರ ಜನವರಿಯಲ್ಲಿ ವಿಮಾನ ಪ್ರಯಾಣಿಕರಿಗೆ ಪರೀಕ್ಷೆ ಕಡ್ಡಾಯಗೊಳಿಸಿದಾಗ '72 ಗಂಟೆ' ಎನ್ನದೆ 'ಮೂರು ದಿನ' ಎಂದಿತು. ದಿನದ ಲೆಕ್ಕದಲ್ಲಿ ಬೆಳಿಗ್ಗೆ ಕೊಟ್ಟರೂ ಸಂಜೆ ಕೊಟ್ಟರೂ ಒಂದೇ. ವಿಮಾನ ಕೆಲವು ಗಂಟೆ ತಡವಾದರೂ ಪ್ರಮಾಣಪತ್ರ ರದ್ದಾಗುವುದಿಲ್ಲ. ಆ ನಿಯಮ 2021ರ ಡಿಸೆಂಬರ್‌ನಲ್ಲಿ ಒಂದು ದಿನಕ್ಕೆ ಇಳಿದು, 2022ರ ಜೂನ್‌ನಲ್ಲಿ ಕೊನೆಗೊಂಡಿತು. ಸಂಯುಕ್ತ ಅರಬ್ ಸಂಸ್ಥಾನ ಇನ್ನೂ ಬಿಗಿಯಾಗಿ ವರ್ತಿಸಿತು. 2021ರಲ್ಲಿ ದುಬೈಗೆ ಹೊರಟ ಭಾರತೀಯರು 48 ಗಂಟೆಯೊಳಗಿನ ವರದಿಯ ಜತೆಗೆ, ವಿಮಾನ ಹೊರಡುವ ಕೆಲವೇ ಗಂಟೆಗಳ ಮುನ್ನ ನಿಲ್ದಾಣದಲ್ಲಿಯೇ ಮತ್ತೊಂದು ಕ್ಷಿಪ್ರ ಪರೀಕ್ಷೆಗೆ ಒಳಗಾಗಬೇಕಿತ್ತು. ಆ ಸೌಲಭ್ಯವಿಲ್ಲದ ನಿಲ್ದಾಣದಿಂದ ಪ್ರಯಾಣ ಸಾಧ್ಯವಿರಲಿಲ್ಲ.

ಗಡಿನಾಡಿನ ಅನುಭವ

ಪರೀಕ್ಷೆಯ ಅವಧಿ ಕೇವಲ ವಿದೇಶ ಪ್ರಯಾಣಿಕರ ಸಮಸ್ಯೆಯಾಗಿರಲಿಲ್ಲ. 2021ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕೇರಳದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ಕಡ್ಡಾಯಗೊಳಿಸಿತು. ಇದರ ಬಿಸಿ ಹೆಚ್ಚಾಗಿ ತಟ್ಟಿದ್ದು ಕಾಸರಗೋಡಿನ ಕನ್ನಡಿಗರಿಗೆ. ಓದು, ಉದ್ಯೋಗ, ಚಿಕಿತ್ಸೆ ಎಲ್ಲಕ್ಕೂ ಮಂಗಳೂರನ್ನು ನೆಚ್ಚಿಕೊಂಡವರು ತಲಪಾಡಿ ಗಡಿಯನ್ನು ನಿತ್ಯ ದಾಟುತ್ತಾರೆ. ನಿತ್ಯ ಓಡಾಡುವವರಿಗೆ 72 ಗಂಟೆಯ ನಿಯಮ ಅನ್ವಯಿಸಿದರೆ ವಾರಕ್ಕೆ ಎರಡು ಬಾರಿ ಗಂಟಲ ದ್ರವ ಕೊಡಬೇಕಾಗುತ್ತಿತ್ತು. ಪ್ರತಿಭಟನೆ ನಡೆಯಿತು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಬಳಿಕ ನಿತ್ಯ ಪ್ರಯಾಣಿಕರಿಗೂ ವಿದ್ಯಾರ್ಥಿಗಳಿಗೂ ಹದಿನೈದು ದಿನಕ್ಕೊಮ್ಮೆ ಪರೀಕ್ಷೆ ಎಂಬ ಸಡಿಲಿಕೆ ಬಂದಿತು. 2022ರ ಫೆಬ್ರವರಿಯಲ್ಲಿ ನಿಯಮವನ್ನೇ ಕೈಬಿಡಲಾಯಿತು. ಚಾಮರಾಜನಗರ ಜಿಲ್ಲೆಯ ಮೂಲೆಹೊಳೆ ತಪಾಸಣಾ ಠಾಣೆಯಲ್ಲೂ ಇದೇ ವರದಿಗಾಗಿ ವಾಹನಗಳು ಸಾಲುಗಟ್ಟಿದ್ದುಂಟು.

ಈ ಜಿಲ್ಲೆಯ ಮೊದಲ ಪ್ರಕರಣವೂ ಪ್ರಯಾಣಕ್ಕೆ ಸಂಬಂಧಿಸಿದ್ದೇ. ರಾಜ್ಯದ ಉಳಿದೆಲ್ಲ ಜಿಲ್ಲೆಗಳಲ್ಲಿ ಸೋಂಕು ಕಾಣಿಸಿಕೊಂಡರೂ ಚಾಮರಾಜನಗರ ಹಸಿರು ವಲಯವಾಗಿಯೇ ಉಳಿದಿತ್ತು. 2020ರ ಜೂನ್‌ನಲ್ಲಿ ಮುಂಬಯಿಯಿಂದ ಹನೂರು ತಾಲ್ಲೂಕಿಗೆ ಬಂದವರೊಬ್ಬರಲ್ಲಿ ಸೋಂಕು ದೃಢಪಟ್ಟು ಆ ಹೆಗ್ಗಳಿಕೆ ಮುಗಿಯಿತು. ಪರೀಕ್ಷೆ ಪ್ರಯಾಣಕ್ಕೆ ಮೊದಲೋ, ನಂತರವೋ ಎಂಬ ಪ್ರಶ್ನೆ ಅಂದೇ ಇಲ್ಲಿನ ಜನರ ಮುಂದೆ ಬಂದಿತ್ತು.

ಇಂದು ಉಳಿದಿರುವ ಲೆಕ್ಕಗಳು

ವಿದೇಶದಿಂದ ಬರುವವರಿಗೆ ಇದ್ದ 'ಏರ್ ಸುವಿಧಾ' ನೋಂದಣಿಯನ್ನು ಭಾರತ 2022ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಅದೇ ತಿಂಗಳ ಕೊನೆಯಲ್ಲಿ ನವಮಂಗಳೂರು ಬಂದರಿಗೆ ಕೋವಿಡ್ ನಂತರದ ಮೊದಲ ವಿಹಾರ ಹಡಗು 'ಯುರೋಪಾ 2' ಬಂದಿತು. ವಿಹಾರ ಹಡಗಿನ ಕಂಪನಿಗಳು ಬಹುಪಾಲು ಕೋವಿಡ್ ಪರೀಕ್ಷೆಯ ಷರತ್ತನ್ನು ತೆಗೆದುಹಾಕಿವೆ. ಆದರೆ ಬೇರೆ ಮೂರು ಲೆಕ್ಕಗಳು ಇಂದಿಗೂ ಜಾರಿಯಲ್ಲಿವೆ.

ಮೊದಲನೆಯದು ಹಳದಿ ಜ್ವರದ ಲಸಿಕೆ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ವಿಮಾನದಲ್ಲಿ ಹೋಗುವವರಿಗೂ, ಅಲ್ಲಿನ ಬಂದರುಗಳಲ್ಲಿ ನಿಲ್ಲುವ ಹಡಗಿನವರಿಗೂ ಇದು ಬೇಕು. ಇಲ್ಲಿ ಗಡಿಯಾರ ತಿರುಗುಮುರುಗಾಗಿ ಓಡುತ್ತದೆ. ಲಸಿಕೆ ಪಡೆದ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರ ಜೀವ ತಳೆಯುತ್ತದೆ. ಹಿಂದೆ ಅದರ ಅವಧಿ ಹತ್ತು ವರ್ಷಗಳಾಗಿತ್ತು. ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯ ತಿದ್ದುಪಡಿಯಂತೆ 2016ರ ಜುಲೈ 11ರಿಂದ ಅದು ಜೀವಮಾನವಿಡೀ ಸಲ್ಲುತ್ತದೆ. ಆದ್ದರಿಂದ ಬೇಗ ಹಾಕಿಸಿಕೊಂಡರೆ ನಷ್ಟವಿಲ್ಲ, ತಡಮಾಡಿದರೆ ಮಾತ್ರ ತೊಂದರೆ. ರೋಗವಿರುವ ದೇಶದಿಂದ ಹೊರಟ ಆರು ದಿನಗಳೊಳಗೆ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಬಂದವರನ್ನು ಪ್ರತ್ಯೇಕವಾಸಕ್ಕೆ ಒಳಪಡಿಸಲಾಗುತ್ತದೆ.

ಈ ಲಸಿಕೆಯನ್ನು ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಪಡೆಯಬೇಕು. ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲಿ ಇದು ಸಿಗುವುದಿಲ್ಲ. ಇದು ಸಜೀವ ವೈರಾಣುವಿನ ಲಸಿಕೆಯಾದ್ದರಿಂದ ಒಂಬತ್ತು ತಿಂಗಳೊಳಗಿನ ಶಿಶುಗಳು, ಮೊಟ್ಟೆಯ ತೀವ್ರ ಅಲರ್ಜಿಯುಳ್ಳವರು, ರೋಗನಿರೋಧಕ ಶಕ್ತಿ ಕುಂದಿದವರಿಗೆ ಸೂಕ್ತವಲ್ಲ. 60 ವರ್ಷ ದಾಟಿದವರು ಹಾಗೂ ಗರ್ಭಿಣಿಯರು ವೈದ್ಯರೊಡನೆ ಚರ್ಚಿಸಿಯೇ ತೀರ್ಮಾನಿಸಬೇಕು. ಬೇರೊಂದು ಸಜೀವ ಲಸಿಕೆಯೂ ಬೇಕಿದ್ದರೆ ಎರಡನ್ನೂ ಒಂದೇ ದಿನ ಪಡೆಯಬೇಕು, ಇಲ್ಲವೇ ನಾಲ್ಕು ವಾರಗಳ ಅಂತರ ಬಿಡಬೇಕು.

ಎರಡನೆಯದು ಕ್ಷಯರೋಗದ ತಪಾಸಣೆ. ಇದು ವಿಹಾರಕ್ಕೆ ಹೋಗುವವರಿಗಲ್ಲ, ದೀರ್ಘಕಾಲ ನೆಲೆಸಲು ಹೋಗುವವರಿಗೆ. ಭಾರತದಿಂದ ಆರು ತಿಂಗಳಿಗಿಂತ ಹೆಚ್ಚು ಕಾಲ ಬ್ರಿಟನ್ನಿನಲ್ಲಿ ಇರಲು ವೀಸಾ ಕೋರುವವರು ಅನುಮೋದಿತ ಕೇಂದ್ರದಲ್ಲಿ ಎದೆಯ ಎಕ್ಸ್-ರೇ ತೆಗೆಸಬೇಕು. ರೋಗವಿಲ್ಲವೆಂದು ಖಚಿತವಾದರೆ ಸಿಗುವ ಪ್ರಮಾಣಪತ್ರ, ಎಕ್ಸ್-ರೇ ತೆಗೆದ ದಿನದಿಂದ ಆರು ತಿಂಗಳು ಸಲ್ಲುತ್ತದೆ. ಇಲ್ಲೂ ಲೆಕ್ಕ ಆರಂಭವಾಗುವುದು ಪರೀಕ್ಷೆಯ ದಿನದಿಂದ, ಪತ್ರ ಕೈ ಸೇರಿದ ದಿನದಿಂದಲ್ಲ. ಕೆನಡಾಕ್ಕೆ ವಲಸೆ ಹೋಗುವವರ ವೈದ್ಯಕೀಯ ತಪಾಸಣೆ ಸಾಮಾನ್ಯವಾಗಿ ಹನ್ನೆರಡು ತಿಂಗಳು ಸಲ್ಲುತ್ತದೆ. ಅದನ್ನು ಆ ದೇಶ ನೇಮಿಸಿದ ವೈದ್ಯರೇ ಮಾಡಬೇಕು. ಊರಿನ ವೈದ್ಯರ ಪತ್ರ ಎಷ್ಟೇ ನಂಬಲರ್ಹವಾದರೂ ನಡೆಯದು.

ಎಕ್ಸ್-ರೇಯಲ್ಲಿ ಸಂಶಯ ಕಂಡರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಆಗ ಕಫದ ಮಾದರಿ ಕೊಡಬೇಕು. ಕ್ಷಯದ ರೋಗಾಣು ಬಹಳ ನಿಧಾನವಾಗಿ ಬೆಳೆಯುವುದರಿಂದ ಪ್ರಯೋಗಾಲಯದಲ್ಲಿ ಅದನ್ನು ಬೆಳೆಸಿ ನೋಡುವ ಪರೀಕ್ಷೆಗೆ ಎರಡು ತಿಂಗಳವರೆಗೆ ಹಿಡಿಯುತ್ತದೆ. ಎರಡು ಗಂಟೆಗಳಲ್ಲಿ ಫಲಿತಾಂಶ ಕೊಡುವ ಆಣ್ವಿಕ ಪರೀಕ್ಷೆಗಳು ಜಿಲ್ಲಾ ಮಟ್ಟದಲ್ಲಿಯೂ ಬಂದಿವೆ, ಆದರೆ ವಲಸೆ ನಿಯಮಗಳು ಕಫ ಬೆಳೆಸುವ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತವೆ. ಹಿಂದೆಂದೋ ಕ್ಷಯ ಬಂದು ಗುಣವಾದವರ ಶ್ವಾಸಕೋಶದಲ್ಲಿ ಕಲೆ ಉಳಿದಿದ್ದರೂ ಈ ಹಾದಿ ಹಿಡಿಯಬೇಕಾದೀತು. ರೋಗ ದೃಢಪಟ್ಟರೆ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ ಪೂರೈಸಿದ ಮೇಲೆಯೇ ಪ್ರಯಾಣದ ಮಾತು.

ಒಡೆಯರಪಾಳ್ಯದ ಟಿಬೆಟನ್ನರ ಪಾಲಿಗೆ ಇದು ಕೇವಲ ಊಹೆಯ ಮಾತಲ್ಲ. ಭಾರತದಲ್ಲಿರುವ ಟಿಬೆಟನ್ ಸಮುದಾಯದಲ್ಲಿ ಕ್ಷಯದ ಪ್ರಮಾಣ ಹೆಚ್ಚೆಂಬುದನ್ನು ಅಧ್ಯಯನಗಳು ದಾಖಲಿಸಿವೆ. ವಸತಿಶಾಲೆ, ಮಠಗಳಂಥ ಒತ್ತೊತ್ತಾದ ವಾಸವನ್ನು ಇದಕ್ಕೆ ಮುಖ್ಯ ಕಾರಣವಾಗಿ ಗುರುತಿಸಲಾಗಿದೆ. ಅವರ ದಾಖಲೆಗಳ ಸರಣಿಯೂ ಉದ್ದ. ಭಾರತೀಯ ಪಾಸ್‌ಪೋರ್ಟಿನ ಬದಲು ಗುರುತಿನ ಪ್ರಮಾಣಪತ್ರ, ದೇಶ ಬಿಡುವ ಅನುಮತಿ, ಮರಳಿ ಬರುವ ವೀಸಾ, ಹೋಗುವ ದೇಶದ ವೀಸಾ ಎಲ್ಲವೂ ಬೇಕು. ಪ್ರತಿಯೊಂದಕ್ಕೂ ಅದರದೇ ಅವಧಿ. ಹೆಸರಿನ ತೊಡಕು ಬೇರೆ. ಕುಟುಂಬದ ಹೆಸರಿಲ್ಲದೆ ಒಂದೆರಡು ಪದಗಳ ಹೆಸರುಳ್ಳವರು, 'ತೆನ್ಜಿನ್' ಎಂಬ ಒಂದೇ ಹೆಸರಿನಿಂದ ಆರಂಭವಾಗುವವರು ಅನೇಕರಿರುವುದರಿಂದ ಪ್ರಯೋಗಾಲಯದ ವರದಿಯಲ್ಲಿ ಅಕ್ಷರ ವ್ಯತ್ಯಾಸವಾದರೂ ತಪಾಸಣೆ ಮತ್ತೆ ಮೊದಲಿನಿಂದ ನಡೆಯಬೇಕಾಗಬಹುದು.

ಮೂರನೆಯದು ವಿಹಾರ ಹಡಗಿನವರದೇ ನಿಯಮ. ಪ್ರಯಾಣದ ಯಾವುದೇ ಹಂತದಲ್ಲಿ 24 ವಾರ ತುಂಬುವ ಗರ್ಭಿಣಿಯರನ್ನು ಪ್ರಮುಖ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. ಇಲ್ಲಿ ನೋಡಬೇಕಾದುದು ಹತ್ತುವ ದಿನವನ್ನಲ್ಲ, ಇಳಿಯುವ ದಿನವನ್ನು. ಅದಕ್ಕಿಂತ ಕಡಿಮೆ ವಾರಗಳಾಗಿದ್ದರೂ ವೈದ್ಯರ ಪತ್ರ ಕೇಳುವುದು ರೂಢಿ. ಹತ್ತುವಾಗ ಜ್ವರ, ವಾಂತಿ, ಭೇದಿ ಇದೆಯೇ ಎಂಬ ಪ್ರಶ್ನಾವಳಿಯನ್ನು ತುಂಬಿಸಿಕೊಳ್ಳುವುದೂ ಉಂಟು.

ಹಿಂದಕ್ಕೆ ಎಣಿಸುವ ಕ್ರಮ

ಯಾವ ಪರೀಕ್ಷೆಯಾದರೂ ಹೊರಡುವ ದಿನದಿಂದ ಹಿಂದಕ್ಕೆ ಎಣಿಸುವುದೇ ಸುರಕ್ಷಿತ. ಗಮನಿಸಬೇಕಾದ ಅಂಶಗಳಿವು:

• ಅವಧಿ ಎಣಿಸುವುದು ಮಾದರಿ ಕೊಟ್ಟ ಸಮಯದಿಂದಲೋ, ವರದಿಯ ಸಮಯದಿಂದಲೋ ಎಂಬುದನ್ನು ಲಿಖಿತ ನಿಯಮದಲ್ಲಿ ನೋಡಿಕೊಳ್ಳಬೇಕು. ಗಂಟೆಯೋ, ದಿನವೋ ಎಂಬುದನ್ನೂ ಗಮನಿಸಬೇಕು.

• ವಿಮಾನದಲ್ಲಿ ಹೋಗಿ ಬೇರೆ ದೇಶದಲ್ಲಿ ಹಡಗು ಹತ್ತುವವರು ವಿಮಾನದ ನಿಯಮ ಹಾಗೂ ಹಡಗಿನ ನಿಯಮ ಎರಡನ್ನೂ ಪ್ರತ್ಯೇಕವಾಗಿ ಎಣಿಸಬೇಕು. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ ಎಂಬುದನ್ನೂ ಮರೆಯಬಾರದು.

• ಹಡಗು ನಿಲ್ಲುವ ಪ್ರತಿಯೊಂದು ಬಂದರಿನ ದೇಶದ ಲಸಿಕೆ ನಿಯಮವನ್ನು ಟಿಕೆಟ್ ಕಾಯ್ದಿರಿಸುವ ಮೊದಲೇ ವಿಚಾರಿಸಬೇಕು.

• ವರದಿಯಲ್ಲಿ ಹೆಸರು, ಜನ್ಮ ದಿನಾಂಕ, ಪಾಸ್‌ಪೋರ್ಟ್ ಅಥವಾ ಗುರುತಿನ ಪ್ರಮಾಣಪತ್ರದ ಸಂಖ್ಯೆ ಮೂಲ ದಾಖಲೆಯೊಂದಿಗೆ ಅಕ್ಷರಶಃ ಹೊಂದಿರಬೇಕು. ಪ್ರಯೋಗಾಲಯ ಬಿಡುವ ಮುನ್ನವೇ ಓದಿ ನೋಡುವುದು ಒಳಿತು.

• ವಲಸೆಯ ತಪಾಸಣೆಗೆ ಹೋಗುವವರು ಹಳೆಯ ಎಕ್ಸ್-ರೇ, ಕ್ಷಯ ಚಿಕಿತ್ಸೆ ಪೂರ್ಣಗೊಳಿಸಿದ ದಾಖಲೆಗಳನ್ನು ಜತೆಗೆ ಒಯ್ಯಬೇಕು. ಕಫ ಪರೀಕ್ಷೆಯ ಎರಡು ತಿಂಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿದುಕೊಂಡು, ಫಲಿತಾಂಶ ಬರುವ ತನಕ ಮರುಪಾವತಿಯಾಗದ ಟಿಕೆಟ್ ಕೊಳ್ಳದಿರುವುದು ಲೇಸು.

ಕೆಮ್ಮು ಎರಡು ವಾರ ಮೀರಿದ್ದರೆ, ತೂಕ ಇಳಿಯುತ್ತಿದ್ದರೆ ವೀಸಾ ತಪಾಸಣೆಯ ದಿನದವರೆಗೆ ಕಾಯಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ, ಔಷಧಿ ಎರಡೂ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಡಿ ರೋಗಿಗೆ ಸಿಗುವ ಪೌಷ್ಟಿಕ ಆಹಾರದ ನೆರವು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿದೆ. ಆರು ತಿಂಗಳು ಮುಂಚಿತವಾಗಿ ಪತ್ತೆಯಾದ ರೋಗ ಪ್ರಯಾಣದ ಹೊತ್ತಿಗೆ ವಾಸಿಯಾಗಿರುತ್ತದೆ. ಹೊರಡುವ ವಾರ ಪತ್ತೆಯಾದರೆ ಅದು ವೀಸಾ, ಟಿಕೆಟ್, ಕಾಲೇಜಿನ ಸೀಟು ಎಲ್ಲವನ್ನೂ ಒಟ್ಟಿಗೆ ಕಿತ್ತುಕೊಳ್ಳುತ್ತದೆ.